ಅರವತ್ತಾರು ಮರಳುಮೂಟೆ ಮತ್ತು ಎಲ್ಡನ್‌ನ ಬಲಗಾಲು

ಬೆಳಿಗ್ಗೆ ಐದು ಗಂಟೆಗೆ ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿಕೊಂಡಾಗ ಒಳಗೆ ಅರವತ್ತೆಂಟು ಜನರಿದ್ದೆವು. ಅವರಲ್ಲಿ ಅರವತ್ತಾರು ಜನ ಮರಳಿನ ಮೂಟೆಗಳು. ಉಳಿದವರಲ್ಲಿ ಒಬ್ಬ ಡ್ರೈವರ್ ಎಲ್ಡನ್ ಸ್ಟಕಿ. ಇನ್ನೊಬ್ಬಳು ನಾನು, ಮಾರ್ನಿ ಕ್ರೌಸ್. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಅಂಕಿ ಬರೆಯುವುದು ನನ್ನ ಕೆಲಸ. ಸಂಜೆ ಆರೂವರೆಯವರೆಗೆ ಯಾರಿಗೂ ಬಿಡುಗಡೆಯಿಲ್ಲ. ಮೂಟೆಗಳು ಇದನ್ನು ಸಮಾಧಾನದಿಂದ ತೆಗೆದುಕೊಂಡಿದ್ದವು.

ಹೊಸ ಬಸ್ಸಿನ ಬ್ರೇಕು ಹೊಸ ಚಪ್ಪಲಿಯ ಹಾಗೆ. ಒಳಗಿನ ಲೈನಿಂಗು ಪಟ್ಟಿ ಚಕ್ರದ ಡ್ರಮ್ಮಿಗೆ ಉಜ್ಜಿ ಹೊಂದಿಕೊಳ್ಳುವವರೆಗೆ ಅದರ ನಿಜವಾದ ಬಲ ತಿಳಿಯುವುದಿಲ್ಲ. ಅದಕ್ಕೇ ಸರ್ಕಾರದ ನಿಯಮದ ಪುಸ್ತಕ, ಮೊದಲು ಪಳಗಿಸಿ, ಆಮೇಲೆ ಪರೀಕ್ಷಿಸಿ ಎನ್ನುತ್ತದೆ. ನಲವತ್ತು ಮೈಲಿ ವೇಗಕ್ಕೆ ಏರಬೇಕು, ಬ್ರೇಕ್ ತುಳಿದು ಇಪ್ಪತ್ತಕ್ಕೆ ಇಳಿಸಬೇಕು, ಮತ್ತೆ ನಲವತ್ತಕ್ಕೆ ಏರಬೇಕು. ಇದಕ್ಕೆ ನಾವು ತಡೆ ಎನ್ನುತ್ತೇವೆ. ಮೈಲಿಗೊಂದು ತಡೆ, ಒಟ್ಟು ಐನೂರು. ಓಹಾಯೊದ ಜೋಳದ ಹೊಲಗಳ ನಡುವೆ ನಮ್ಮ ಪರೀಕ್ಷಾ ಕೇಂದ್ರದ ಏಳೂವರೆ ಮೈಲಿಯ ಮೊಟ್ಟೆಯಾಕಾರದ ರಸ್ತೆ ಇದೆ. ಅದರ ಮೇಲೆ ಇಡೀ ದಿನ ಸುತ್ತಿ, ಹೊರಟಲ್ಲಿಗೇ ಬಂದು ಸೇರಬೇಕು. ಡೀಸೆಲ್ಲಿಗೆಂದು ಹತ್ತು ಹತ್ತು ನಿಮಿಷದ ಎರಡು ನಿಲುಗಡೆ. ಅದಕ್ಕಿಂತ ಹೆಚ್ಚು ನಿಂತರೆ ಡ್ರಮ್ಮು ತಣ್ಣಗಾಯಿತೆಂದು ಲೆಕ್ಕವನ್ನು ಒಂದರಿಂದ ಶುರು ಮಾಡಬೇಕು. ದಿನವಿಡೀ ಬ್ರೇಕು ಹಾಕುವ ನಮಗೆ ಮಾತ್ರ ಬ್ರೇಕಿಲ್ಲ.

ಇನ್ನೊಂದು ನಿಯಮ ಪುಸ್ತಕದಲ್ಲಿಲ್ಲ, ನಮ್ಮ ಶೆಡ್ಡಿನದು. ಯಾರು ಬಸ್ಸನ್ನು ಪಳಗಿಸುತ್ತಾರೋ ಅವರೇ ಪರೀಕ್ಷೆಯಲ್ಲಿ ನಿಲ್ಲಿಸಬೇಕು. ಬಾಣಂತನ ಮಾಡಿದವಳೇ ಮಗುವಿಗೆ ಮೊದಲ ಸ್ನಾನ ಮಾಡಿಸಿದ ಹಾಗೆ ಇದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಮೂವತ್ತೊಂದು ವರ್ಷದಿಂದ ದೊಡ್ಡ ಬಸ್ಸುಗಳ ಬಾಣಂತನ ಎಲ್ಡನ್‌ನದು.

"ಏನ್ ಮರಿ, ಬಾಯಿಗೆ ಬೀಗ ಹಾಕ್ಕೊಂಡ್ ಬಂದಿದೀಯ ಇವತ್ತು?" ಹನ್ನೊಂದನೇ ತಡೆ ಮುಗಿಸಿ ಎಲ್ಡನ್ ಕೇಳಿದ. "ಓಪಲ್ ಹಾಗೆ ಒಂದ್ಸಲ ಮಾತಾಡು. ನಿದ್ದೆ ಬರ್ತಿದೆ."

ಓಪಲ್ ನಮ್ಮ ಗೋಪುರದಲ್ಲಿ ಕೂತು ರೇಡಿಯೋದಲ್ಲಿ ದಾರಿ ತೋರಿಸುವವಳು. ಕೆಂಟಕಿಯಿಂದ ಬಂದ ಹೆಂಗಸು. ಒಂದು ಮಾತು ಮುಗಿಸುವಷ್ಟರಲ್ಲಿ ಜೋಳ ಒಂದು ಗೇಣು ಬೆಳೆದಿರುತ್ತದೆ.

"ಬಸ್ ನಾಲ್ಕೂಊಊ, ನಿಮ್ಮ ಮುಂದೆ ಒಂದು ಆಆಆಮೆ ರಸ್ತೆ ದಾಟ್ತಾಆಆ ಇದೆ," ಎಂದೆ. "ಅದು ನಿಮ್ಮನ್ನ ಓವರ್‌ಟೇಕ್ ಮಾಡೋದ್ರೊಳಗೆ ಜಾಗ ಬಿಡೀಈಈ."

ಎಲ್ಡನ್ ಸ್ಟೀರಿಂಗಿಗೆ ಹೊಟ್ಟೆ ತಾಗಿಸಿ ನಕ್ಕ. ನಾನೂ ನಕ್ಕೆ. ಆದರೆ ನನ್ನ ಕಾಲ ಬಳಿಯಿದ್ದ ಊಟದ ಡಬ್ಬಿಯಲ್ಲಿ, ಕರಿದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ಚಿನ ಕೆಳಗೆ, ಸುರುಳಿ ಸುತ್ತಿದ ಒಂದು ಕಾಗದವಿತ್ತು. ಅದು ನಗುತ್ತಿರಲಿಲ್ಲ.

ವಿಷಯ ಇಷ್ಟು. ತೊಂಬತ್ತೆಂಟರಿಂದ ಹೊಸ ಬಸ್ಸುಗಳಿಗೆಲ್ಲ ಒಂದು ಪೆಟ್ಟಿಗೆ ಬಂತು. ಬ್ರೇಕನ್ನು ಎಷ್ಟೇ ಒತ್ತಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ಅದೇ ನೋಡಿಕೊಳ್ಳುತ್ತದೆ. ಡ್ರೈವರನ ಕೆಲಸ ಪೆಡಲನ್ನು ತಳಕ್ಕೆ ಒತ್ತಿ ಸುಮ್ಮನೆ ಹಿಡಿದಿರುವುದು. ಅಂಥ ಈ ಶಾಲಾ ಬಸ್ಸನ್ನು ಹೋದ ವಾರ ಪೂರ್ತಿ ಭಾರ ಹೇರಿ ಪರೀಕ್ಷಿಸಿದ್ದೆವು. ಅರವತ್ತು ಮೈಲಿ ವೇಗದಲ್ಲಿ ಬಂದು, ಹನ್ನೆರಡು ಅಡಿ ಅಗಲದ ಪಟ್ಟಿ ದಾಟದೆ, ಇನ್ನೂರ ಎಂಬತ್ತು ಅಡಿಯೊಳಗೆ ನಿಲ್ಲಬೇಕು. ಆರು ಅವಕಾಶ, ಒಂದು ಸಲ ಗೆದ್ದರೂ ಸಾಕು. ಎಲ್ಡನ್ ಆರು ಸಲ ನಿಲ್ಲಿಸಿದ. ಇನ್ನೂರ ತೊಂಬತ್ತೊಂದು, ಎಂಬತ್ತೆಂಟು, ತೊಂಬತ್ತು, ಎಂಬತ್ತಾರು, ತೊಂಬತ್ತಮೂರು, ಎಂಬತ್ತೊಂಬತ್ತು. ಆರಕ್ಕೆ ಆರೂ ಸೋಲು.

ಬಸ್ ಕಂಪನಿಯವರು ಲೈನಿಂಗನ್ನೇ ಬದಲಿಸಿ ಮತ್ತೆ ಕಳಿಸಿದರು. ಈ ಐನೂರು ತಡೆ ಅದಕ್ಕಾಗಿ. ನಿನ್ನೆ ಸಂಜೆ ನಮ್ಮ ಮೇಲಧಿಕಾರಿ ಬಿಕಲ್ ನನ್ನನ್ನು ಕರೆದು ಬಾಗಿಲು ಮುಚ್ಚಿದ. ಬಿಕಲ್ ಪದಗಳನ್ನು ರೇಷನ್ನಿನಂತೆ ಹಂಚುವ ಮನುಷ್ಯ.

"ಮಾರ್ನಿ. ಒಂದು ಪದ ಬೇಕು ನಂಗೆ. ಬಸ್ಸಾ, ಮನುಷ್ಯನಾ?"

"ಅಂದ್ರೆ?"

"ತಪ್ಪು ಯಾರದು ಅಂತ. ನಾಳೆ ಐನೂರು ಮುಗಿಯೋದ್ರೊಳಗೆ. ಮನುಷ್ಯ ಅಂದ್ರೆ ಬೇರೆ ಮನುಷ್ಯ ಕೂರ್ತಾನೆ ಆ ಸೀಟಲ್ಲಿ. ಎಲ್ಡನ್‌ಗೆ ಟೈರ್ ಗೋಡೌನ್ ನೋಡ್ಕೊಳ್ಳೋ ಕೆಲಸ ಇದೆ."

ಟೈರ್ ಗೋಡೌನಿಗೆ ಹೋದವರು ಆಮೇಲೆ ಮನೆಗೆ ಹೋಗುತ್ತಾರೆ. ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಆ ಒಂದು ಪದ ನನ್ನ ಡಬ್ಬಿಯಲ್ಲಿ ಆಗಲೇ ಇತ್ತು. ಪರೀಕ್ಷೆಯ ಹೊತ್ತಿಗೆ ಎರಡು ಲೇಖನಿಗಳು ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತಿರುತ್ತವೆ. ನೀಲಿ ಗೆರೆ ವೇಗದ್ದು, ಕೆಂಪು ಗೆರೆ ಪೆಡಲಿನ ಒತ್ತಡದ್ದು. ಹೋದ ವಾರದ ಆರೂ ನಿಲುಗಡೆಗಳಲ್ಲಿ ಕೆಂಪು ಗೆರೆ ಸರಕ್ಕನೆ ಏರಿ, ಅರೆ ಕ್ಷಣವಾದ ಮೇಲೆ ಒಂದು ಹಲ್ಲು ಮುರಿದ ಬಾಚಣಿಗೆಯಂತೆ ಕುಸಿದು, ಮತ್ತೆ ಏರಿತ್ತು. ಪೆಟ್ಟಿಗೆ ತನ್ನ ಕೆಲಸ ಶುರು ಮಾಡಿ ಬ್ರೇಕಿನ ಗಾಳಿ ಪುಸಪುಸ ಎಂದ ಕೂಡಲೇ ಎಲ್ಡನ್‌ನ ಕಾಲು ಮೇಲೇಳುತ್ತಿತ್ತು. ಒಂದು ಕೂದಲೆಳೆಯಷ್ಟು. ಆ ಕೂದಲೆಳೆಯ ಬೆಲೆ ಹತ್ತು ಅಡಿಗೂ ಹೆಚ್ಚು. ಬಸ್ಸಿನಲ್ಲಿ ತಪ್ಪಿರಲಿಲ್ಲ. ಆ ಕಾಗದವನ್ನು ನಾನು ಫೈಲಿಗೆ ಹಾಕಿರಲಿಲ್ಲ. ಪೆನ್ನು ಸರಿಯಾಗಿ ಬರೆದಿಲ್ಲ ಎಂದು ಸುಳ್ಳು ಹೇಳಿ ಮುಚ್ಚಿಟ್ಟಿದ್ದೆ.

ಹನ್ನೊಂದು ವರ್ಷದ ಹಿಂದೆ ಕಾಲೇಜಿನಲ್ಲಿ ನಾಟಕ ಓದಿ ಬಂದವಳಿಗೆ ಬ್ರೇಕಿನ ಅಕ್ಷರಾಭ್ಯಾಸ ಮಾಡಿಸಿದವನು ಎಲ್ಡನ್. ಕಣ್ಣು ಮುಚ್ಚಿ ಲೈನಿಂಗಿನ ವಾಸನೆ ಹಿಡಿಯುವುದು, ಡ್ರಮ್ಮಿನ ಹತ್ತಿರ ಅಂಗೈ ಒಡ್ಡಿ ಅದರ ಕಾವು ಅಂದಾಜು ಮಾಡುವುದು, ಎಲ್ಲ ಅವನಿಂದ ಕಲಿತೆ. ಈಗ ಅವನ ಪಕ್ಕದಲ್ಲೇ ಅವನ ಮೇಲೇ ಗೂಢಚಾರಿಣಿಯಾಗಿ ಕೂತಿದ್ದೆ. ಇಳಿಯೋಣವೆಂದರೆ ಬಸ್ಸು ನಿಲ್ಲುವಂತಿಲ್ಲ.

"ನೂರ ಇಪ್ಪತ್ತು," ಎಂದೆ. ಬರೆದೆ.

ಸೂರ್ಯ ಏರಿದ. ಕಿಟಕಿ ತೆರೆದರೆ ಚಾರ್ಟಿನ ಕಾಗದ ಹಾರುತ್ತದೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿದ್ದೆವು. ಜುಲೈ ತಿಂಗಳ ಬಿಸಿಲು ತಗಡಿನ ಚಾವಣಿಯ ಮೇಲೆ ಕೂತು ಇಳಿಯಲೇ ಇಲ್ಲ. ಬಿಸಿ ಲೈನಿಂಗಿನ ವಾಸನೆ, ಗೋಣಿಯ ವಾಸನೆ, ಎಲ್ಡನ್‌ನ ಹೆಂಡತಿ ಫರ್ನ್ ಕಳಿಸಿದ ಕಡಲೆಬೀಜದ ಚಾಕಲೇಟು ಉಂಡೆಗಳು ಕರಗುವ ವಾಸನೆ. ಅದೇ ಗೋಪುರ, ಅದೇ ಜೋಳ, ಅದೇ ಹಸಿರು ಟ್ರಾಕ್ಟರು. ಮೈಲಿಗಲ್ಲು ಬಂದಾಗಲೆಲ್ಲ ನಮ್ಮ ಮೂಗು ಮುಂದಕ್ಕೆ ಬಾಗುತ್ತಿತ್ತು, ಮೂಟೆಗಳದ್ದೂ ಬಾಗುತ್ತಿತ್ತು.

"ನನ್ನ ಎಡಗಾಲು ನೋಡು," ಎಂದ ಎಲ್ಡನ್, ನೂರ ನಲವತ್ತರ ಸುಮಾರಿಗೆ. "ಮಹಾರಾಜ. ಈ ಬಸ್ಸಲ್ಲಿ ಕ್ಲಚ್ಚೇ ಇಲ್ಲ, ಇವನಿಗೆ ಕೆಲಸಾನೇ ಇಲ್ಲ. ಬಲಗಾಲು ಗಾಣದೆತ್ತು, ಎಡಗಾಲು ಅತಿಥಿ."

"ಅತಿಥಿಗೆ ಕಾಫಿ ಕೊಡ್ಲಾ?"

"ಬೇಡಪ್ಪ. ಆಮೇಲೆ ಅವನಿಗೇ ಮೊದಲು ಇಳೀಬೇಕು ಅನ್ಸತ್ತೆ."

ಎಲ್ಡನ್‌ನ ಬಲಗಾಲನ್ನು ನೋಡಿದೆ. ಮೆಲ್ಲನೆಯ ಈ ತಡೆಗಳಲ್ಲಿ ಅದರಷ್ಟು ಸಮನಾದ ಕಾಲು ಇಡೀ ಓಹಾಯೊದಲ್ಲಿಲ್ಲ. ಕೆಂಪು ಗೆರೆ ಪ್ರತಿ ಸಲವೂ ದಾರ ಹಿಡಿದು ಎಳೆದ ಹಾಗೆ ಬರುತ್ತಿತ್ತು. ಇಲ್ಲಿ ಪೆಟ್ಟಿಗೆಗೆ ಕೆಲಸವಿಲ್ಲ, ಪುಸಪುಸ ಇಲ್ಲ, ಆದ್ದರಿಂದ ಕಾಲಿಗೆ ಭಯವೂ ಇಲ್ಲ. ಐನೂರಲ್ಲ, ಐವತ್ತು ಸಾವಿರ ತಡೆ ಮಾಡಿದರೂ ಗುಟ್ಟು ಹೊರಬೀಳುವುದಿಲ್ಲ. ಹೊರಬೀಳುವುದು ಸಂಜೆ ಆರೂವರೆಗೆ, ಎಲ್ಲರ ಎದುರಿಗೆ.

ಮೊದಲ ನಿಲುಗಡೆಯಲ್ಲಿ ಬಿಕಲ್ ಡೀಸೆಲ್ ಪಂಪಿನ ಬಳಿ ನಿಂತಿದ್ದ. ಕಂಪನಿಯಿಂದ ಬಂದ ಟೈ ಕಟ್ಟಿದ ಮನುಷ್ಯ ಅವನ ಪಕ್ಕದಲ್ಲಿದ್ದ. ಬಿಕಲ್ ನನ್ನ ಕಡೆ ನೋಡಿ ಹುಬ್ಬೇರಿಸಿದ. ಹುಬ್ಬಿನಲ್ಲೇ ಪೂರ್ತಿ ಪ್ರಶ್ನೆಯಿತ್ತು, ಒಂದು ಪದವೂ ಖರ್ಚಾಗಲಿಲ್ಲ. ನಾನು ಶೌಚಾಲಯದ ಕಡೆ ಓಡಿದೆ.

ಮತ್ತೆ ಬಾಗಿಲು ಮುಚ್ಚಿತು. ಮತ್ತೆ ಸುತ್ತು. ಇನ್ನೂರ ಐವತ್ತು. ಇನ್ನೂರ ತೊಂಬತ್ತು. ಪ್ರತಿ ಸಂಖ್ಯೆಗೂ ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲ ಬಾಯಿ ತೆರೆದರೆ ಓಪಲ್ ಬರುತ್ತಿದ್ದಳು, ಇಲ್ಲವೇ ಬಿಕಲ್ ಬರುತ್ತಿದ್ದ. ನನ್ನ ಬಾಯಲ್ಲಿ ಊರೆಲ್ಲ ವಾಸವಾಗಿದೆ, ನನಗೊಬ್ಬಳಿಗೆ ಜಾಗವಿಲ್ಲ.

ಮುನ್ನೂರ ಹನ್ನೆರಡರಲ್ಲಿ ಮೂರನೇ ಸಾಲಿನ ಮೂಟೆಯೊಂದರ ಹೊಲಿಗೆ ಬಿಚ್ಚಿ ಸಣ್ಣಗೆ ಮರಳು ಸೋರತೊಡಗಿತು. ಆ ಮೂಟೆಗೆ ನಾವು ಪರ್ಲಿ ಎಂದು ಹೆಸರಿಟ್ಟಿದ್ದೆವು, ಒಂದನೇ ಕ್ಲಾಸಿನ ಹುಡುಗಿ. ನಾನು ಗಂಟಲನ್ನು ಸಣ್ಣ ಮಾಡಿದೆ.

"ಎಲ್ಡನ್ ಅಂಕಲ್, ಎಲ್ಡನ್ ಅಂಕಲ್, ಒಂದ್ ಮಾತು ಹೇಳ್ಲಾ?"

"ಹೇಳಮ್ಮ ಪರ್ಲಿ. ಚಡ್ಡೀಲಿ ಮರಳು ಸೋರ್ತಿದೆಯಾ?"

"ಹೂಂ. ಆದ್ರೆ ಅದಲ್ಲ. ಹೋದ ವಾರ ನೀವು ಜೋರಾಗಿ ಬ್ರೇಕ್ ಹಾಕಿದ್ರಲ್ಲ, ಆಗ ನಾನು ನೋಡ್ದೆ. ಪುಸ್ ಅಂತು. ನಿಮ್ ಕಾಲು ಮೇಲ್ ಬಂತು. ಆರ್ ಸಲಾನೂ ಬಂತು."

ಮೈಲಿಗಲ್ಲು ಬಂತು. ಎಲ್ಡನ್ ತುಳಿದ. ನಲವತ್ತು, ಮೂವತ್ತು, ಇಪ್ಪತ್ತು. ಬಿಟ್ಟ.

"ಪರ್ಲಿ ಇನ್ನು ಮಾತಾಡ್ಬಾರ್ದು," ಎಂದ. "ಮಾರ್ನಿ ಅನ್ನೋಳು ಇದಾಳಾ ಈ ಬಸ್ಸಲ್ಲಿ?"

ಉತ್ತರ ಕೊಡಲು ಐದು ಮೈಲಿ ಬೇಕಾಯಿತು. ಮುನ್ನೂರ ಹದಿಮೂರು, ಹದಿನಾಲ್ಕು, ಹದಿನೈದು ಎಂದು ಸಂಖ್ಯೆ ಹೇಳುತ್ತಿದ್ದ ದನಿ ಯಾರದೆಂದು ನನಗೇ ತಿಳಿಯಲಿಲ್ಲ. ಹದಿನೆಂಟರ ಮೇಲೆ ಡಬ್ಬಿಯಿಂದ ಸುರುಳಿ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಅದಕ್ಕೆ ಬೊಲೋನಿಯ ಜಿಡ್ಡು ಅಂಟಿತ್ತು.

"ಇದೀನಿ," ಎಂದೆ. "ಬಿಕಲ್‌ಗೆ ಕೊಟ್ಟಿಲ್ಲ. ಸಂಜೆಯೊಳಗೆ ಬಸ್ಸಾ ಮನುಷ್ಯನಾ ಅಂತ ಹೇಳು ಅಂದಿದಾನೆ. ಮನುಷ್ಯ ಅಂದ್ರೆ ನೀನು ಟೈರ್ ಗೋಡೌನಿಗೆ. ಬಸ್ಸು ಅಂದ್ರೆ ಆ ಟೈ ಕಟ್ಟಿದವನು ಇಲ್ಲದ ತಪ್ಪು ಹುಡುಕ್ಕೊಂಡು ಒಳ್ಳೇ ಬ್ರೇಕನ್ನ ಬಿಚ್ಚಿ ಹಾಳು ಮಾಡ್ತಾನೆ. ನಂಗೆ ಎರಡೂ ಹೇಳಕ್ಕಾಗ್ತಿಲ್ಲ."

ಎಲ್ಡನ್ ಸುರುಳಿಯನ್ನು ಮುಟ್ಟಲಿಲ್ಲ. ಮುಂದಿನ ಐವತ್ತು ಮೈಲಿ ಅವನು ಮಾತಾಡಲೂ ಇಲ್ಲ. ಒಂದೇ ಕೋಣೆಯಲ್ಲಿ ಜಗಳವಾಡಿದವರು ಹೊರಗೆ ಹೋಗಿ ಬಾಗಿಲು ಬಡಿಯಬಹುದು. ನಮ್ಮ ಬಾಗಿಲು ಗಾಳಿಯ ಒತ್ತಡದಿಂದ ಮುಚ್ಚಿತ್ತು. ಎರಡನೇ ನಿಲುಗಡೆಯಲ್ಲೂ ಅವನು ಸೀಟಿನಿಂದ ಏಳಲಿಲ್ಲ. ಬಿಕಲ್ ಮತ್ತೆ ಹುಬ್ಬೇರಿಸಿದ. ನಾನು ಟೈರುಗಳನ್ನು ಒದ್ದು ನೋಡುವ ನಾಟಕವಾಡಿದೆ.

ಮುನ್ನೂರ ಎಪ್ಪತ್ತೊಂದರಲ್ಲಿ ಅವನು ಬಾಯಿಬಿಟ್ಟ.

"ಗೊತ್ತು ನಂಗೆ."

"ಏನು?"

"ಕಾಲು ಏಳತ್ತೆ ಅಂತ ಗೊತ್ತು. ಎರಡನೇ ಸಲಕ್ಕೇ ಗೊತ್ತಾಯ್ತು. ಏಳಬೇಡ ಅಂತ ಹೇಳ್ತೀನಿ, ಏಳತ್ತೆ. ಭಾನುವಾರ ಚರ್ಚಿಂದ ಬಂದು ಅಡುಗೆಮನೇಲಿ ಕುರ್ಚಿ ಮೇಲೆ ಕೂತು ಇಟ್ಟಿಗೆ ತುಳಿದೆ. ಒಂದು ಗಂಟೆ. ಫರ್ನ್ ಬಂದು, ಆ ಇಟ್ಟಿಗೆ ನಿಂಗೇನ್ ಮಾಡ್ತು ಅಂದ್ಲು."

"ಇಟ್ಟಿಗೆ ಮೇಲೆ ಏಳಲಿಲ್ವಾ?"

"ಇಟ್ಟಿಗೆ ಪುಸ್ ಅನ್ನಲ್ವಲ್ಲ." ತಡೆ ಮುಗಿಸಿ ಮತ್ತೆ ಹೇಳಿದ. "ಅರವತ್ತೈದನೇ ಇಸವೀಲಿ ವೆಸ್ಟ್ ವರ್ಜೀನಿಯಾದ ಒಂದು ಇಳಿಜಾರು. ಹಾಲಿನ ಟ್ಯಾಂಕರ್. ಪೂರ್ತಿ ತುಳಿದೆ, ಚಕ್ರ ಕಚ್ಕೊಳ್ತು, ಹಿಂದಿನ ಟ್ಯಾಂಕು ನನ್ನ ಕಿಟಕಿ ಪಕ್ಕಕ್ಕೆ ಬಂದು ಹಲೋ ಅಂತು. ಆಗ ಈ ಕಾಲು ತಾನಾಗೇ ಎದ್ದು ಬಿಟ್ಟು ಬಿಟ್ಟು ಒತ್ತಿತು. ನಾನು ಹೇಳಿರ್ಲಿಲ್ಲ. ಅದಕ್ಕೇ ಬದುಕಿದೀನಿ. ಈಗ ಅದಕ್ಕೆ ಹೋಗಿ, ಇನ್ಮೇಲೆ ನಿನ್ನ ಬುದ್ಧಿ ಬೇಡ, ಪೆಟ್ಟಿಗೆ ಬಂದಿದೆ ಅಂದ್ರೆ ಕೇಳತ್ತಾ?"

ಕಾಲ ಬದಲಾಗಿತ್ತು, ಕಾಲು ಬದಲಾಗಿರಲಿಲ್ಲ. ಬೇರೆ ದಿನವಾಗಿದ್ದರೆ ಈ ಮಾತನ್ನು ಗಟ್ಟಿಯಾಗಿ ಹೇಳಿ ನಗಿಸುತ್ತಿದ್ದೆ. ಆ ದಿನ ನುಂಗಿಕೊಂಡೆ.

"ಮೂವತ್ತು ವರ್ಷ ನಾನು ಬಸ್ಸುಗಳನ್ನ ಪಳಗಿಸ್ತಿದೀನಿ ಅನ್ಕೊಂಡಿದ್ದೆ," ಎಂದ ಎಲ್ಡನ್. "ಅವೇ ನನ್ನ ಪಳಗಿಸಿವೆ."

ನಾನೂರು. ನಾನೂರ ಇಪ್ಪತ್ತು. ಕಿಟಕಿಯ ಗಾಜಿನ ಮೇಲೆ ನೊಣವೊಂದು ಬೆಳಗಿನಿಂದ ಹತ್ತಿ ಜಾರುತ್ತಿತ್ತು. ಎಲ್ಡನ್‌ನ ಎಡಗಾಲು ನೆಲದ ರಬ್ಬರಿನ ಮೇಲೆ ಹಾಯಾಗಿ ಮಲಗಿತ್ತು. ನಾನು ಅದನ್ನೇ ನೋಡುತ್ತಾ ಇದ್ದೆ.

"ನಿನ್ನ ಪಿಕಪ್ ಗಾಡಿ ಕ್ಲಚ್ ಇರೋದಲ್ವಾ?" ಎಂದೆ.

"ಹೂಂ. ಅದೂ ನನ್ನಷ್ಟೇ ಹಳೇದು."

"ಕ್ಲಚ್ ಹೇಗ್ ತುಳೀತೀಯ?"

"ಹೇಗ್ ತುಳಿಯೋದು, ತಳದವರೆಗೆ. ಅರ್ಧಕ್ಕೆ ಬಿಟ್ರೆ ಗೇರು ಹಲ್ಲು ಕಡಿಯತ್ತೆ."

"ಅಂದ್ರೆ ನಿನ್ನ ಎಡಗಾಲಿಗೆ ಗೊತ್ತಿರೋದು ಒಂದೇ ವಿದ್ಯೆ. ತಳಕ್ಕೆ ಒತ್ತೋದು, ಹಿಡ್ಕೊಳ್ಳೋದು. ವೆಸ್ಟ್ ವರ್ಜೀನಿಯಾದಲ್ಲಿ ಅದು ಏನೂ ಕಲೀಲಿಲ್ಲ."

ಎಲ್ಡನ್ ನನ್ನ ಕಡೆ ತಿರುಗಿದ. ಹನ್ನೊಂದು ವರ್ಷದಲ್ಲಿ ಬಸ್ಸು ಓಡುವಾಗ ಅವನು ರಸ್ತೆಯಿಂದ ಕಣ್ಣು ತೆಗೆದದ್ದು ಅದೇ ಮೊದಲು.

"ಪೆದ್ದನ್ನ ಕರೀಬೇಕು ಅಂತೀಯ."

"ಬುದ್ಧಿವಂತ ಕೆಡಿಸ್ತಿದಾನಲ್ಲ."

"ಪುಸ್ತಕದಲ್ಲಿ ಯಾವ ಕಾಲು ಅಂತ ಬರ್ದಿದಾರಾ?"

"ಕಾಲು ಅಂತಲೇ ಬರ್ದಿಲ್ಲ. ಅಡಿ ಅಂತ ಮಾತ್ರ ಬರ್ದಿದಾರೆ. ಇನ್ನೂರ ಎಂಬತ್ತು."

ಆರು ಮೂವತ್ತೈದಕ್ಕೆ ಐನೂರು ಎಂದು ಬರೆದೆ. ಬಿಸಿಲು ಇನ್ನೂ ಓರೆಯಾಗಿ ಹೊಲದ ಮೇಲಿತ್ತು. ಡ್ರಮ್ಮುಗಳ ಕಾವು ಸರಿಯಾಗಿರುವಾಗಲೇ ನೇರ ಪಟ್ಟಿಗೆ ಹೋಗಬೇಕು. ಬಿಕಲ್ ಮತ್ತು ಟೈ ಕಟ್ಟಿದವನು ಪಟ್ಟಿಯ ಪಕ್ಕದ ಜೀಪಿನಲ್ಲಿ ಕಾದಿದ್ದರು.

"ಬಸ್ ನಾಲ್ಕೂಊಊ," ಎಂದಳು ಓಪಲ್, ಈ ಸಲ ನಿಜವಾದ ಓಪಲ್. "ಪಟ್ಟಿ ಖಾಲೀಈಈ ಇದೆ."

ಅರವತ್ತು ಮೈಲಿ ವೇಗ. ಎಲ್ಡನ್ ಗೇರನ್ನು ನ್ಯೂಟ್ರಲ್ಲಿಗೆ ತಂದ. ಬಲಗಾಲನ್ನು ಸೀಟಿನ ಕೆಳಗೆ ಮಡಿಸಿ, ಸೊಂಟ ತಿರುಚಿ, ಎಡಗಾಲನ್ನು ಪೆಡಲಿನ ಮೇಲಿಟ್ಟ. ಬ್ರೇಕು ಹಾಕಬೇಕಾದ ಗೆರೆ ಬಂತು. ಎಡಗಾಲು ಹಳೆಯ ಕ್ಲಚ್ಚನ್ನು ತುಳಿಯುವಂತೆ ಧಡಾರನೆ ತುಳಿಯಿತು. ಅರವತ್ತಾರು ಮೂಟೆಗಳು ಒಟ್ಟಿಗೆ ಮುಂದಕ್ಕೆ ಬಂದವು. ಪುಸಪುಸ ಎಂದು ಗಾಳಿ ಹಾಯಿತು. ಸೀಟಿನ ಕೆಳಗೆ ಬಲಗಾಲು ಎದ್ದದ್ದನ್ನು ಕಣ್ಣಾರೆ ಕಂಡೆ. ಅದು ಏಳುವಷ್ಟು ಎದ್ದು, ಸೀಟಿನ ಕಬ್ಬಿಣಕ್ಕೆ ಬಡಿಯಿತು. ಎಡಗಾಲು ಅಲುಗಲಿಲ್ಲ. ಬಸ್ಸು ನಿಂತಿತು. ಕೆಂಪು ಗೆರೆ ಮೇಜಿನಂತೆ ಚಪ್ಪಟೆಯಾಗಿತ್ತು.

ಇನ್ನೂರ ಎಪ್ಪತ್ತೊಂದು.

"ಪಾಸ್," ಎಂದ ಬಿಕಲ್ ರೇಡಿಯೋದಲ್ಲಿ. "ಸಾಕು. ಬನ್ನಿ."

ನನ್ನ ಎದೆಯಿಂದ ಐನೂರು ಮೈಲಿ ಇಳಿದಂತಾಯಿತು. ಬಸ್ಸು ಪಾಸು, ಮನುಷ್ಯನೂ ಪಾಸು. ಒಂದು ಪದವನ್ನೂ ಹೇಳಬೇಕಾಗಿಲ್ಲ. ಹೋದ ವಾರದ ತಪ್ಪು ಲೈನಿಂಗಿನದೆಂದು ಎಲ್ಲರೂ ನಂಬುತ್ತಾರೆ. ನಾನು ಜಿಡ್ಡಿನ ಸುರುಳಿಯತ್ತ ಕೈ ಚಾಚಿದೆ.

ಎಲ್ಡನ್ ಅದನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಮೂಟೆಗಳ ಸಾಲನ್ನು ನೋಡಿದ. ಆಮೇಲೆ ರೇಡಿಯೋ ಒತ್ತಿದ.

"ಪುಸ್ತಕ ಆರು ಅನ್ನತ್ತೆ, ಬಿಕಲ್. ಇನ್ನೈದು ಬಾಕಿ ಇದೆ."

"ಯಾಕೆ?"

"ಆ ಐದು ಬಲಗಾಲಿಂದು. ಈಗಿನದು ಎಡಗಾಲಿಂದು. ಈ ಬಸ್ಸು ಊರೂರಲ್ಲಿ ಯಾರ್ ಕೈಗೆ ಹೋಗತ್ತೆ ಗೊತ್ತಾ? ನನ್ನಂಥ ಮುದುಕರ ಕೈಗೆ. ಹಾಲು, ಜಲ್ಲಿ, ದನ ಹೊತ್ತು ಬಂದು, ಕೊನೆಗೆ ಮಕ್ಕಳನ್ನ ಹೊರೋರು. ಅವರೆಲ್ಲರ ಕಾಲೂ ಏಳತ್ತೆ. ಎದ್ರೆ ಬಸ್ಸು ಎಷ್ಟು ದೂರ ಹೋಗತ್ತೆ ಅಂತ ಕಾಗದದ ಮೇಲೆ ಬರ್ಲಿ."

ಎಲ್ಡನ್ ಉತ್ತರಕ್ಕೆ ಕಾಯದೆ ಬಸ್ಸನ್ನು ಪಟ್ಟಿಯ ಶುರುವಿಗೆ ತಿರುಗಿಸಿದ.

ಬಲಗಾಲು. ಇನ್ನೂರ ಎಂಬತ್ತೊಂಬತ್ತು. ಇನ್ನೂರ ಎಂಬತ್ತೇಳು. ಇನ್ನೂರ ತೊಂಬತ್ತು. ಪ್ರತಿ ಸಲವೂ ಅವನು ಹಲ್ಲು ಕಚ್ಚಿ ತುಳಿದ. ಪ್ರತಿ ಸಲವೂ ಪುಸಪುಸ ಎಂದಿತು, ಬಾಚಣಿಗೆಯ ಹಲ್ಲು ಮುರಿಯಿತು. ಇನ್ನೂರ ಎಂಬತ್ತಾರು. ಕೊನೆಯ ಸಲ ಅವನು ಎರಡೂ ಕೈಗಳಿಂದ ಸ್ಟೀರಿಂಗನ್ನು ಮೈಗೆ ಎಳೆದುಕೊಂಡು, ಆ ಮೊಣಕಾಲಿಗೆ ಏನೋ ಬೈಯುತ್ತಾ ತುಳಿದ. ಹಲ್ಲು ಮುರಿಯಲಿಲ್ಲ, ಬರೀ ಸವೆದಂತಾಯಿತು.

"ಎಷ್ಟು?"

"ಇನ್ನೂರ ಎಂಬತ್ತೊಂದು."

"ಒಂದಡಿ."

"ಒಂದಡಿ," ಎಂದೆ, ನನ್ನದೇ ದನಿಯಲ್ಲಿ.

ಶೆಡ್ಡಿಗೆ ಬಂದೆವು. ವರದಿಯ ಕೊನೆಯಲ್ಲಿ 'ಇತರೆ' ಎಂದು ಒಂದು ಸಾಲು ಇರುತ್ತದೆ. ಅದರಲ್ಲಿ ಯಾರೂ ಮಳೆ ಗಾಳಿಯ ಹೊರತು ಬೇರೇನನ್ನೂ ಬರೆಯುವುದಿಲ್ಲ.

"ಬರ್ಕೋ," ಎಂದ ಎಲ್ಡನ್. "ಡ್ರೈವರ್ ಎಲ್ಡನ್ ಸ್ಟಕಿಯ ಬಲಗಾಲು ಒತ್ತಡ ಬಿಡುತ್ತದೆ. ಬಸ್ಸಿನಲ್ಲಿ ದೋಷವಿಲ್ಲ. ಬಸ್ಸು ಕೊಳ್ಳುವ ಪ್ರತಿ ಶಾಲೆಗೂ ಈ ಹಾಳೆ ಹೋಗಬೇಕು, ಡ್ರೈವರುಗಳಿಗೆ ತೋರಿಸಬೇಕು. ಬೇಕಾದರೆ ಡ್ರೈವರನನ್ನೂ ಕಳಿಸಬಹುದು, ಅವನಿಗೆ ಬೇರೆ ಕೆಲಸವಿರುವುದಿಲ್ಲ."

"ಕೊನೇ ಮಾತು ಬರೀಬೇಕಾ?"

"ಅದನ್ನೇ ದೊಡ್ಡದಾಗಿ ಬರಿ."

ಬರೆದೆ. ಹೋದ ವಾರದ ಜಿಡ್ಡಿನ ಸುರುಳಿಯನ್ನೂ ಜೊತೆಗೆ ಪಿನ್ನು ಮಾಡಿದೆ. ಪೆನ್ನು ಸರಿಯಾಗಿ ಬರೆದಿತ್ತು, ಮುಚ್ಚಿಟ್ಟವಳು ನಾನು ಎಂದು ಅದರ ಕೆಳಗೆ ಸೇರಿಸಿ ಸಹಿ ಹಾಕಿದೆ. ಬಾಗಿಲ ಗಾಜಿನಾಚೆ ಬಿಕಲ್ ವರದಿಗಾಗಿ ಕೈ ಚಾಚಿ ನಿಂತಿದ್ದ.

ಎಲ್ಡನ್ ಡ್ಯಾಶ್‌ಬೋರ್ಡಿನ ಹಳದಿ ಗುಂಡಿಯನ್ನು ಎಳೆದ. ಪಾರ್ಕಿಂಗ್ ಬ್ರೇಕು ಉಸ್ಸೆಂದು ಕಚ್ಚಿಕೊಂಡಿತು. ಇಂಜಿನ್ ಆರಿತು. ಆದರೂ ಅವನು ತಕ್ಷಣ ಏಳಲಿಲ್ಲ. ಹದಿನಾಲ್ಕು ಗಂಟೆ ಕೂತ ಮೈ, ಮೂವತ್ತೊಂದು ವರ್ಷ ಕೂತ ಸೀಟು. ಮೂರನೇ ಸಾಲಿನಿಂದ ಮರಳು ಇನ್ನೂ ಸಣ್ಣಗೆ ಸೋರುತ್ತಿತ್ತು.

"ಪರ್ಲಿ ಏನಾದ್ರೂ ಹೇಳ್ತಾಳಾ?" ಎಂದ.

"ಇಲ್ಲ. ಅವಳು ಇಳಿಯೋ ಸ್ಟಾಪ್ ಬಂತು."

ಬಾಗಿಲು ತೆರೆಯಿತು. ಜೋಳದ ಹಸಿ ವಾಸನೆಯ ಗಾಳಿ ಒಳಗೆ ಬಂತು. ಬೆಳಗಿನಿಂದ ಗಾಜಿಗೆ ಅಂಟಿದ್ದ ನೊಣ ಎಲ್ಲರಿಗಿಂತ ಮೊದಲು ಹೊರಗೆ ಹೋಯಿತು. ಎಲ್ಡನ್ ಕಂಬಿ ಹಿಡಿದು ಎದ್ದ. ಬಲಗಾಲು ಮರಗಟ್ಟಿತ್ತು, ಅದನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಆಮೇಲೆ ಎಡಗಾಲನ್ನು ಮೊದಲು ಕೆಳಗಿಟ್ಟು ಬಸ್ಸಿನಿಂದ ಇಳಿದ.